ಬೀಗರೆದುರು ನೋವು ಮುಚ್ಚಿಡುವುದರ ಬಗ್ಗೆ

ಸಂಖ್ಯೆ: ಹೊಲಿಗೆ/ನೋವು/ಪರವಾಗಿಲ್ಲ/೭

ವಿಷಯ: ಆಪರೇಷನ್ ಆದವರ ನೋವನ್ನು ಆಪರೇಷನ್ ಆದವರೇ ಹೇಳತಕ್ಕದ್ದು.

ಉಲ್ಲೇಖ: ಹೆಂಗಸರ ವಾರ್ಡಿನ ಆಯಾ ಕಣ್ಣಾರೆ ಕಂಡದ್ದು.

ಇಂದು ಬೆಳಿಗ್ಗೆ ಸದರಿ ಆಯಾ ಕಿಟಕಿ ಪಕ್ಕದ ಮಂಚದ ಹಾಸು ಬದಲಿಸುತ್ತಿದ್ದರು. ಅಲ್ಲಿ ಮಲಗಿರುವವರು ನಿನ್ನೆ ಹೊಟ್ಟೆಯ ಆಪರೇಷನ್ ಆದ ದರ್ಜಿ ಹೆಂಗಸು. ಮಗ್ಗುಲು ಹೊರಳಿಸಿದಾಗ ಅವರು ಆಯಾಳ ಸೆರಗನ್ನು ಮುದ್ದೆಯಾಗುವಂತೆ ಹಿಡಿದುಕೊಂಡಿದ್ದು ಗಮನಕ್ಕೆ ಬಂದಿದೆ. ಆದರೆ ನರ್ಸ್ ಬಂದು ನೋವು ಹೇಗಿದೆ ಎಂದು ಕೇಳುವ ಹೊತ್ತಿಗೆ ಮಗಳ ಅತ್ತೆ ಎದುರಿಗೇ ಕುಳಿತಿದ್ದ ಕಾರಣ, "ಏನಿಲ್ಲ ಸಿಸ್ಟರ್, ಸೊಳ್ಳೆ ಕಚ್ಚಿದ ಹಾಗೆ" ಎಂದು ನಗುಮುಖದಿಂದ ತಿಳಿಸಲಾಗಿದೆ. ಬಂದ ದಾರಿಗೆ ಸುಂಕವಿಲ್ಲವೆಂದು ನೋವಿನ ಮದ್ದು ಹಿಂದಿರುಗಿದೆ. ನೋವಿಗೆ ಹೆದರಿ ಅವರು ಪೂರ್ತಿ ಉಸಿರೆಳೆಯುತ್ತಿಲ್ಲ, ಕೆಮ್ಮುತ್ತಿಲ್ಲ, ಎದ್ದು ಕೂರುತ್ತಿಲ್ಲ. ಹೀಗೇ ಮಲಗಿದರೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬರಬಹುದೆಂದು ವೈದ್ಯರು ಎಚ್ಚರಿಸಿರುವುದರಿಂದ ಈ ಮೂಲಕ ಸೂಚಿಸಲಾಗಿದೆ:

೧. ನೋವಿಗೆ ಹತ್ತರಲ್ಲಿ ಎಷ್ಟು ಎಂದು ನರ್ಸ್ ಕೇಳಿದಾಗ ರೋಗಿ ಮಾತ್ರ ಉತ್ತರಿಸತಕ್ಕದ್ದು. ಗಂಡ ಎರಡು ಎಂದು, ನಾದಿನಿ ನಾಲ್ಕು ಎಂದು, ಕೊನೆಗೆ "ಮೂರಕ್ಕೆ ಮುಗಿಸಿಬಿಡಿ ಸಿಸ್ಟರ್" ಎಂದು ತರಕಾರಿ ಅಂಗಡಿಯ ಚೌಕಾಸಿ ನಡೆಸುವುದನ್ನು ನಿಷೇಧಿಸಲಾಗಿದೆ.

೨. "ನನಗೆ ಹೊಟ್ಟೆ ಕೊಯ್ದ ಮಾರನೇ ದಿನವೇ ಎದ್ದು ಅಡುಗೆ ಮಾಡಿದ್ದೆ" ಎನ್ನುವ ನೆಂಟರು ತಮ್ಮ ಹಳೆಯ ಆಪರೇಷನ್ನುಗಳನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಬರತಕ್ಕದ್ದು. ಕಳೆದುಹೋದಲ್ಲಿ ಆಡಳಿತ ಹೊಣೆಯಲ್ಲ.

೩. ಹಲ್ಲು ಕಚ್ಚಿ ಸಹಿಸಿಕೊ ಎಂದು ಬುದ್ಧಿ ಹೇಳುವವರು, ರೋಗಿಗೆ ಮುಂದಿನ ಮದ್ದು ಸಿಗುವವರೆಗೆ ತಮ್ಮ ಹಲ್ಲನ್ನು ಕಚ್ಚಿಕೊಂಡಿರತಕ್ಕದ್ದು. ಇದರಿಂದ ವಾರ್ಡಿನಲ್ಲಿ ನಿಶ್ಶಬ್ದವೂ ನೆಲೆಸುವುದೆಂದು ನಿರೀಕ್ಷಿಸಲಾಗಿದೆ.

೪. ನಕ್ಕರೆ ಹೊಲಿಗೆ ಎಳೆಯುತ್ತದೆ. ಆದ್ದರಿಂದ ಜೋಕು ಹೇಳುವ ಮುನ್ನ ಹೊಟ್ಟೆಗೆ ಒತ್ತಿ ಹಿಡಿಯಲು ರೋಗಿಗೆ ದಿಂಬು ಕೊಡತಕ್ಕದ್ದು. ಯಾರಿಗೂ ನಗು ಬಾರದ ಜೋಕುಗಳಿಗೆ ದಿಂಬು ಬೇಕಿಲ್ಲ. ರೋಗಿಯ ಚಿಕ್ಕಪ್ಪನವರಿಗೆ ಈ ವಿನಾಯಿತಿ ಮೊದಲಿನಿಂದಲೂ ಅನ್ವಯಿಸುತ್ತಿದೆ.

೫. ಬೀಗರ ಸಮ್ಮುಖದಲ್ಲಿ ಆಡಿದ "ಪರವಾಗಿಲ್ಲ" ಎಂಬುದನ್ನು ಹತ್ತರಲ್ಲಿ ಏಳು ಎಂದೂ, "ಸೊಳ್ಳೆ ಕಚ್ಚಿದ ಹಾಗೆ" ಎಂಬುದನ್ನು ಎಂಟು ಎಂದೂ, "ನನ್ನದು ಬಿಡಿ, ನಿಮ್ಮದು ಊಟ ಆಯ್ತಾ?" ಎಂಬುದನ್ನು ಒಂಬತ್ತು ಎಂದೂ ಪರಿಗಣಿಸತಕ್ಕದ್ದು. ಬೀಗಿತ್ತಿ ಹೊಸ ಸೀರೆ ಉಟ್ಟು ಬಂದಿದ್ದಲ್ಲಿ ಒಂದು ಹೆಚ್ಚುವರಿ.

೬. ಆದಾಗ್ಯೂ, ಮೇಲಿನ ಲೆಕ್ಕವನ್ನು ನಂಬಿ ಮದ್ದು ಕೊಡಲು ವೈದ್ಯರು ಒಪ್ಪಿರುವುದಿಲ್ಲ. ರೋಗಿಯೇ ಬಾಯಿ ಬಿಡಬೇಕೆಂದು ಪಟ್ಟು ಹಿಡಿದಿದ್ದಾರೆ. ಬಾಯಿ ಬಿಡುವುದರಿಂದ ಮಗಳ ಮನೆಯವರ ಮುಂದೆ ಮರ್ಯಾದೆ ಹೋಗುವುದಿಲ್ಲವೆಂದು ಈ ಮೂಲಕ ಖಚಿತಪಡಿಸಲಾಗಿದೆ.

(ಸಹಿ ಇದೆ, ಓದಲು ಬರುವುದಿಲ್ಲ)
ಮೇಲ್ವಿಚಾರಕರು
ನೋವು ಮತ್ತು ಸಮಾಧಾನ ಶಾಖೆ

ಪ್ರತಿಗಳು:
೧. ನರ್ಸುಗಳ ಕೋಣೆಗೆ, ಗೋಡೆಗೆ ಅಂಟಿಸಲು.
೨. ಚಿಕ್ಕಪ್ಪನವರಿಗೆ, ಮನಸ್ಸಿನಲ್ಲೇ ಓದಿಕೊಳ್ಳಲು.
೩. ಬೀಗಿತ್ತಿಯವರಿಗೆ, ಕ್ಯಾಂಟೀನಿನಲ್ಲಿ. ಕಾಫಿ ಮುಗಿಸಿ ನಿಧಾನವಾಗಿ ಬರಬಹುದು.
೪. ಕಿಟಕಿ ಪಕ್ಕದ ಮಂಚದವರಿಗೆ. ಪರದೆ ಎಳೆಯಲಾಗಿದೆ. ನೆಂಟರು ಯಾರೂ ಇಲ್ಲ. ನರ್ಸ್ ಮದ್ದು ಹಿಡಿದು ನಿಂತಿದ್ದಾರೆ. ಅಕ್ಕಾ, ಎಷ್ಟು ನೋಯ್ತಿದೆ, ಹೇಳಿ.