ಬೀಗರ ಮನೆತನದ ಸಿಂಹ

ವಾದ ಮಾಡುವುದನ್ನು ಶಾಲೆಯಲ್ಲಿ ಕಲಿಸಬಾರದು ಎಂಬುದು ನಮ್ಮಮ್ಮನ ವಾದ. ಇದನ್ನು ಖಂಡಿಸುವುದಕ್ಕೆ ನನ್ನ ಬಳಿ ಬೇಕಾದಷ್ಟು ಸರಕಿದೆ. ಆದರೆ ಖಂಡಿಸಿದರೆ ಅವಳ ಮಾತೇ ನಿಜವಾಗುತ್ತದೆಂದು ಸುಮ್ಮನಿದ್ದೇನೆ. ನ್ಯೂಜೆರ್ಸಿಯ ಎಡಿಸನ್ ಊರಿನ ಹೈಸ್ಕೂಲಿನಲ್ಲಿ ನಾನು ಡಿಬೇಟ್ ತಂಡದಲ್ಲಿದ್ದೆ. ಅಲ್ಲಿ ಯಾರು ಪರ, ಯಾರು ವಿರೋಧ ಎಂಬುದನ್ನು ನಾಣ್ಯ ಚಿಮ್ಮಿಸಿ ತೀರ್ಮಾನಿಸುತ್ತಿದ್ದರು. ಬೆಳಿಗ್ಗೆ ಮರಣದಂಡನೆ ಬೇಕೇ ಬೇಕು ಎಂದು ಮೇಜು ಗುದ್ದಿದವಳು, ಊಟವಾದ ಮೇಲೆ ಅದೇ ಮೇಜನ್ನು ಅದೇ ಕೈಯಿಂದ ಗುದ್ದಿ ಬೇಡವೇ ಬೇಡ ಎನ್ನುತ್ತಿದ್ದೆ. ಎರಡಕ್ಕೂ ಕಪ್ ಬಂದಿವೆ. ಈಗ ಪ್ರಿನ್ಸ್‌ಟನ್‌ನ ಒಂದು ಔಷಧದ ಕಂಪನಿಯಲ್ಲಿ, ಬೇರೆಯವರು ಕಷ್ಟಪಟ್ಟು ಬರೆದ ವರದಿಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. “ಸಂಬಳ ಕೊಟ್ಟು ಜಗಳಕ್ಕೆ ಇಟ್ಕೊಂಡಿದ್ದಾರೆ” ಎಂದು ಅಪ್ಪ ನೆಂಟರಿಗೆ ಹೆಮ್ಮೆಯಿಂದ ಹೇಳುತ್ತಾರೆ.

ನನ್ನ ಹೆಸರು ಚೈತ್ರ. ಲಾಸ್ಟ್ ನೇಮ್ ಪುಟ್ಟಸ್ವಾಮಿ. ಪುಟ್ಟಸ್ವಾಮಿ ಅಂದರೆ ನಮ್ಮಪ್ಪ. ನಮ್ಮ ಮಂಡ್ಯದ ಕಡೆ ಮನೆತನದ ಹೆಸರು ಅಂತ ಬಾಲದಲ್ಲಿ ಏನೂ ಇರುವುದಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಮುಂದೆ ಇಟ್ಟುಕೊಂಡು ಜನ ನೆಮ್ಮದಿಯಾಗಿ ಬದುಕುತ್ತಾರೆ. ನನ್ನನ್ನು ಚಿಕ್ಕವಳಿದ್ದಾಗ ಈ ದೇಶಕ್ಕೆ ಕರೆತರುವಾಗ, ಲಾಸ್ಟ್ ನೇಮ್ ಇಲ್ಲದೆ ವೀಸಾ ಆಗುವುದಿಲ್ಲ ಎಂದರಂತೆ. ಅಪ್ಪ ಆಗ ಕೈಯಲ್ಲಿದ್ದ ಒಂದೇ ಒಂದು ಹೆಸರನ್ನು, ತಮ್ಮದನ್ನೇ, ತೆಗೆದು ಕೊಟ್ಟರು. ಅಂದಿನಿಂದ ಹಲ್ಲಿನ ಡಾಕ್ಟರ ಬಳಿ “ಮಿಸ್ ಪುಟ್ಟಸ್ವಾಮಿ” ಎಂದು ಕರೆದರೆ, ಜೊತೆಗೆ ಬಂದ ಅಪ್ಪ ಎದ್ದು ನಿಲ್ಲುತ್ತಾರೆ. ಮದ್ದೂರಿನ ಬಸ್ ನಿಲ್ದಾಣದಲ್ಲಿ ಪುಟ್ಟಸ್ವಾಮಿ ಎಂದು ಕೂಗಿದರೆ ಅರ್ಧ ನಿಲ್ದಾಣ ತಿರುಗಿ ನೋಡುತ್ತದೆ. ಇಲ್ಲಿ ಮಾತ್ರ ಅದು ಯಾರೂ ಕೇಳಿರದ ಅಪರೂಪದ ಮನೆತನ. ಇಂಥ ಆಕಸ್ಮಿಕದ ಹೆಸರೇ ಆದರೂ ಮದುವೆಯಾದಾಗ ನಾನು ಅದನ್ನು ಬಿಡಲಿಲ್ಲ. ಬಿಡು ಎಂದು ಯಾರೂ ಹೇಳಿರಲಿಲ್ಲ ಎಂಬುದು ಬೇರೆ ಮಾತು. ಹೇಳಬಹುದೆಂದು ತಯಾರಿ ಮಾಡಿಕೊಂಡಿದ್ದ ಭಾಷಣ ಹಾಗೇ ಉಳಿದುಹೋಯಿತು.

ನನ್ನ ಗಂಡ ಡ್ಯಾನ್. ಅವನನ್ನು ಮೊದಲ ಸಲ ಮನೆಗೆ ಕರೆತಂದ ದಿನ ಅಮ್ಮ ಅವನ ಕೆಲಸವನ್ನೂ ಕೇಳಲಿಲ್ಲ, ವಯಸ್ಸನ್ನೂ ಕೇಳಲಿಲ್ಲ. “ಯಾವ ಕಡೆಯೋರಂತೆ?” ಎಂದಳು. ನಾನು ಕೇಳಿ ಹೇಳಿದೆ, ನ್ಯೂಜೆರ್ಸಿ ಎಂದು. “ಅದು ಈಗಿರೋದು. ಮೂಲ?” ಈ ಪ್ರಶ್ನೆಯ ಮೇಲೆ ನನಗೆ ಹಳೆಯ ಸಿಟ್ಟು. ಎಡಿಸನ್ನಿನ ಯಾವುದೇ ಆಂಟಿಗೆ ನಿಮ್ಮ ಹೆಸರು ಕೊಡಿ. ಹೆಸರಿನಿಂದ ಊರು ಹಿಡಿದು, ಊರಿನಿಂದ ಜನ ಹಿಡಿದು, ಜನದಿಂದ ನಿಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುತ್ತಾರೋ ಇಲ್ಲವೋ ಎಂಬಲ್ಲಿಗೆ ತಲುಪಲು ಅವರಿಗೆ ಅರ್ಧ ಲೋಟ ಕಾಫಿ ಸಾಕು. ಮನುಷ್ಯನನ್ನು ಅಳೆಯುವುದಕ್ಕೆ ಅವನ ಮೂಲ ಯಾಕೆ ಬೇಕು ಎಂದು ನಾನು ಕನ್ನಡ ಕೂಟದ ಪ್ರತಿ ಊಟದಲ್ಲೂ ಯಾರಾದರೊಬ್ಬರನ್ನು ಹಿಡಿದು ವಾದಿಸಿದ್ದೇನೆ. ಹಾಗಾಗಿ ಡ್ಯಾನ್‌ನ ಲಾಸ್ಟ್ ನೇಮ್ ಕೇಳಿದಾಗ ಅಮ್ಮನ ಯಂತ್ರ ಕೆಟ್ಟು ನಿಂತದ್ದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸ್ಯಾಟರ್‌ತ್ವೇಟ್. ಅಮ್ಮ ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, “ಇದು ಯಾವ ಕಡೆಗೂ ಸೇರೋ ಥರ ಕಾಣ್ತಿಲ್ಲವಲ್ಲೇ” ಎಂದಳು. ನಾನು ಅವನನ್ನು ಮದುವೆಯಾದದ್ದಕ್ಕೆ ಅದೂ ಒಂದು ಕಾರಣವಿದ್ದೀತು.

ತೊಂದರೆ ಶುರುವಾದದ್ದು ನಾನು ಬಸುರಿಯಾದ ಮೇಲೆ. ಹೆಣ್ಣು ಮಗು ಎಂದು ಗೊತ್ತಾದಾಗ ಗೌರಿ ಎಂಬ ಹೆಸರನ್ನು ನಾನೇ ಆರಿಸಿದೆ. ಹೇಳಲು ಸುಲಭ, ಅರ್ಥ ಚೆನ್ನ, ಇಲ್ಲಿನ ಮಾಸ್ತರರ ನಾಲಿಗೆಗೂ ತ್ರಾಸವಿಲ್ಲ. ಎರಡೂ ಮನೆಯವರು ತಲೆಯಾಡಿಸಿದರು. ಅಮ್ಮ ಮಾತ್ರ ಸ್ವಲ್ಪ ಹೆಚ್ಚೇ ನಕ್ಕಳು. ಆದರೆ ಗೌರಿಯ ಹಿಂದೆ ಯಾವ ಲಾಸ್ಟ್ ನೇಮ್? ನಾನು ಪುಟ್ಟಸ್ವಾಮಿ ಎಂದೆ. ಹೊರುವವಳು ನಾನು, ಹೆರುವವಳು ನಾನು, ಹೆಸರು ಮಾತ್ರ ಅವರದೇ? ಡ್ಯಾನ್ ಆಗಲಿ ಎಂದ. ಅವನು ಎಲ್ಲದಕ್ಕೂ ಆಗಲಿ ಎನ್ನುತ್ತಾನೆ. ಅವನೊಡನೆ ವಾದ ಮಾಡುವುದೆಂದರೆ ದಿಂಬು ಗುದ್ದಿದ ಹಾಗೆ. ಆಗ ಅವನ ಅಪ್ಪ ವಾಲ್ಟರ್ ಫೋನ್ ಮಾಡಿದರು.

ವಾಲ್ಟರ್ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಅಷ್ಟು ವರ್ಷ ಅಷ್ಟೊಂದು ಲಕೋಟೆ ಕೈಯಲ್ಲಿ ಹಾದುಹೋದರೂ, ತಮ್ಮ ಮನೆಯದನ್ನು ಬಿಟ್ಟು ಇನ್ನೊಂದು ಸ್ಯಾಟರ್‌ತ್ವೇಟ್ ಕಣ್ಣಿಗೆ ಬೀಳಲಿಲ್ಲವಂತೆ. ಮಗಳು ಮದುವೆಯಾಗಿ ಹೆಸರು ಬದಲಿಸಿಕೊಂಡಳು. ಒಹಾಯೋದಲ್ಲಿ ಒಬ್ಬ ದಾಯಾದಿ ಇದ್ದಾನೆ, ಅವನಿಗೆ ಬೆಕ್ಕುಗಳಷ್ಟೇ. ಉಳಿದದ್ದು ಡ್ಯಾನ್, ಮತ್ತು ನನ್ನ ಹೊಟ್ಟೆ. “ಮಗುವಿಗೆ ನಮ್ಮ ಹೆಸರು ಬಂದರೆ ನನಗೆ ಸಂತೋಷ. ಬರಲೇಬೇಕು ಅಂತೇನಿಲ್ಲ” ಎಂದರು. ನನ್ನನ್ನು ಕೆರಳಿಸಿದ್ದು ಆ ಎರಡನೆಯ ವಾಕ್ಯ. ಬರಲೇಬೇಕು ಎಂದಿದ್ದರೆ ಅಲ್ಲೇ ಜಗಳವಾಡಿ ಮುಗಿಸಬಹುದಿತ್ತು. ಮೇಲಿಂದ ಅವರು, ಇದು ಸಾಮಾನ್ಯ ಹೆಸರಲ್ಲ, ನಮ್ಮ ಪೂರ್ವಿಕರು ಕವಚ ತೊಟ್ಟು ಕುದುರೆಯ ಮೇಲೆ ಬಂದ ವೀರರು ಎಂದೂ ಸೇರಿಸಿದರು. ಸಾಕ್ಷಿ ಅವರು ದಿನಾ ಕಾಫಿ ಕುಡಿಯುವ ಮಗ್. ಅದರ ಮೇಲೆ ಮುಂಗಾಲೆತ್ತಿದ ಒಂದು ಕೆಂಪು ಸಿಂಹ, ಕೆಳಗೆ ಚಿನ್ನದ ಬಣ್ಣದಲ್ಲಿ ಮನೆತನದ ಹೆಸರು. ಮಾಲ್‌ನ ಒಂದು ಪುಟ್ಟ ಅಂಗಡಿಯಲ್ಲಿ ಡ್ಯಾನ್‌ನ ಅಮ್ಮ, ಈಗ ಅವರಿಲ್ಲ, ಮಾಡಿಸಿಕೊಟ್ಟದ್ದು.

ಸಿಂಹ ಕಂಡರೆ ನಾನು ಬಿಡುವವಳೇ? ಮುಂದಿನ ಶನಿವಾರವೇ ಆ ಮಾಲ್‌ಗೆ ಹೋಗಿ, ಆ ಅಂಗಡಿಯವನಿಗೆ ಪುಟ್ಟಸ್ವಾಮಿ ಮನೆತನದ ಲಾಂಛನ ಬೇಕು ಎಂದೆ. ಅವನು ಕಂಪ್ಯೂಟರಿನಲ್ಲಿ ಒತ್ತಿದ. ಅದು ಸ್ವಲ್ಪ ಹೊತ್ತು ಯೋಚಿಸಿ, ನಮ್ಮ ವಂಶಕ್ಕೂ ಒಂದು ಸಿಂಹ ಕೊಟ್ಟಿತು. ಅದೇ ಸಿಂಹ, ಅದೇ ಕೆಂಪು, ಮುಖ ಮಾತ್ರ ಇನ್ನೊಂದು ಕಡೆಗೆ. ಹಣ ಕೊಟ್ಟು ಮಗ್ ಹಿಡಿದು ಹೊರಬಂದಾಗ ನನಗೆ ಶಾಲೆಯ ದಿನಗಳ ಹುಮ್ಮಸ್ಸು ಬಂದಿತ್ತು. ಅಲ್ಲಿಂದ ಮುಂದೆ ಓದಿದ್ದೇ ಓದಿದ್ದು. ಡ್ಯಾನ್ ಪಕ್ಕದಲ್ಲಿ ತೊಟ್ಟಿಲು ಜೋಡಿಸುತ್ತಿದ್ದರೆ, ನಾನು ಉತ್ತರ ಇಂಗ್ಲೆಂಡಿನ ಬೆಟ್ಟಸೀಮೆಯ ನಕ್ಷೆಯಲ್ಲಿ ಮುಳುಗಿರುತ್ತಿದ್ದೆ. ಸ್ಯಾಟರ್‌ತ್ವೇಟ್ ಎಂಬುದು ಅಲ್ಲಿಯ ಒಂದು ಸಣ್ಣ ಹಳ್ಳಿಯ ಹೆಸರು. ಸಮುದ್ರ ದಾಟಿ ಬಂದು ನೆಲೆಸಿದ ಉತ್ತರದ ಜನರ ಹಳೆಯ ಭಾಷೆಯದು. ಮೊದಲ ತುಂಡಿಗೆ ಬೇಸಿಗೆಯಲ್ಲಿ ದನ ಮೇಯಿಸುವವರು ಹಾಕಿಕೊಂಡ ಕೊಟ್ಟಿಗೆ ಎಂದರ್ಥ. ಎರಡನೆಯದಕ್ಕೆ ಕಾಡು ಕಡಿದು ಮಾಡಿದ ಬಯಲು. ಆ ಹಳ್ಳಿ ಬಿಟ್ಟು ಬೇರೆ ಕಡೆ ಹೋದವರನ್ನು ಜನ ಊರಿನ ಹೆಸರಿನಿಂದ ಕರೆದರು, ಅದು ಅಂಟಿಕೊಂಡಿತು. ಹೆಸರು ಅಪರೂಪವಾಗಿರುವುದಕ್ಕೆ ಕಾರಣವೂ ಅಷ್ಟೇ: ಊರೇ ಅಷ್ಟು ಚಿಕ್ಕದು, ಎಷ್ಟು ಜನ ಹೊರಟಾರು? ಅವರಲ್ಲಿ ಕೆಲವರು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿ, ಹಡಗು ಹತ್ತಿ, ನ್ಯೂಜೆರ್ಸಿಯ ಅಂಚಿನ ಡೆಲವೇರ್ ನದಿಯ ಎರಡೂ ದಡಗಳಲ್ಲಿ ಬಂದಿಳಿದರು. ಕ್ವೇಕರರು ಎಂದರೆ ದೊರೆಯ ಮುಂದೂ ಟೋಪಿ ತೆಗೆಯದ, ಬಿರುದು ಬಾವಲಿ ಬೇಡವೆಂದ ಜನ. ಅವರ ತಲೆಗೆ ಸಿಂಹ ಕಟ್ಟುವುದೇ? ನನಗೆ ಖುಷಿಯಿಂದ ನಿದ್ದೆ ಬರಲಿಲ್ಲ. ಮಗು ಒಳಗಿಂದ ಒದ್ದರೆ ಅದನ್ನೂ ಚಪ್ಪಾಳೆ ಎಂದುಕೊಂಡೆ.

ಭಾನುವಾರ ಅಪ್ಪ ಅಮ್ಮನ ಮನೆಯಲ್ಲಿ ಊಟ. ಬೀಗರು ಬರುತ್ತಾರೆಂದು ಅಮ್ಮ ಮುದ್ದೆ ಬಸ್ಸಾರು ಮಾಡಿದ್ದಳು. ಮೊದಲ ಸಲ ವಾಲ್ಟರ್ ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಬಹಳ ಹೊತ್ತು ಅಗಿದು ಅಮ್ಮನ ಮುಂದೆ ಮಾನ ಕಳೆದುಕೊಂಡಿದ್ದರು. ಈಗ ಸಾರಿನಲ್ಲಿ ಹೊರಳಿಸಿ ನುಂಗುವುದು ಬಂದಿದೆ. ಅವರ ಎರಡನೆಯ ತುತ್ತು ಗಂಟಲಿಳಿದದ್ದು ನೋಡಿಕೊಂಡು ನಾನು ಪುಟ್ಟಸ್ವಾಮಿ ಮಗ್ಗನ್ನು ಮೇಜಿನ ಮೇಲಿಟ್ಟು, “ಮೊದಲನೆಯದಾಗಿ” ಎಂದು ಶುರು ಮಾಡಿದೆ. ಲಾಂಛನವನ್ನು ಕೊಡುತ್ತಿದ್ದದ್ದು ವ್ಯಕ್ತಿಗಳಿಗೆ, ಒಂದೇ ಹೆಸರಿನವರಿಗೆಲ್ಲ ಸಗಟಾಗಿ ಅಲ್ಲ. ಎರಡನೆಯದಾಗಿ, ಈ ಸಿಂಹ ಮದ್ದೂರಿನವರಿಗೂ ಸಿಗುತ್ತದೆ. ಮೂರನೆಯದಾಗಿ ಕ್ವೇಕರರು. ಕೊನೆಯದಾಗಿ ಕೊಟ್ಟಿಗೆ. ಹಾಗಾಗಿ, ವೀರರ ವಂಶ ಅಳಿಯುತ್ತದೆ ಎಂಬ ಕಾರಣಕ್ಕೆ ಮಗುವಿನ ಮೇಲೆ ಈ ಹೆಸರು ಹೊರಿಸುವುದಕ್ಕೆ ಆಧಾರವಿಲ್ಲ ಎಂದು ಕುಳಿತೆ. ಒಳ್ಳೆಯ ಭಾಷಣ. ತೀರ್ಪುಗಾರರಿದ್ದಿದ್ದರೆ ಕಪ್ ನನಗೇ.

ಅಪ್ಪ ತಮ್ಮ ಹೆಸರಿನ ಮಗ್ಗನ್ನು ಎತ್ತಿ ತಿರುಗಿಸಿ ನೋಡುತ್ತಾ, “ಸಿಂಹ ಚೆನ್ನಾಗೈತೆ. ಇದನ್ನ ನಾನು ಇಟ್ಕೊಳ್ಲಾ?” ಎಂದರು. ವಾಲ್ಟರ್ ಬೆರಳು ಒರೆಸಿಕೊಂಡು ಇಂಗ್ಲಿಷಿನಲ್ಲಿ ಮೆಲ್ಲಗೆ, “ದನದ ಕೊಟ್ಟಿಗೆ” ಎಂದರು. ಆಮೇಲೆ, “ನೀನು ಹೇಳೋದು ಸರಿ ಇರಬೇಕು, ಚೈತ್ರ. ಹಾಗಿದ್ದರೆ ಬಿಡು. ಮಗುವಿಗೆ ಅದು ಬೇಡ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವಿಳಾಸ ತಪ್ಪಿದ ಲಕೋಟೆಯನ್ನು ಪಕ್ಕಕ್ಕಿಡುವಂತೆ ಇಟ್ಟುಬಿಟ್ಟರು. ನಾನು ಬಯಸಿದ್ದು ಇದನ್ನೇ, ಆದರೆ ಕೈಗೆ ಬಂದಾಗ ಹಿಡಿದುಕೊಳ್ಳಲು ಆಗಲಿಲ್ಲ. ಎದುರಾಳಿ ಒಪ್ಪಿಕೊಂಡರೆ ಏನು ಮಾಡಬೇಕು ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ.

ಇಷ್ಟು ಹೊತ್ತೂ ಇಂಗ್ಲಿಷಿನ ವೇಗಕ್ಕೆ ಸಿಗದೆ ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದೇ ನಿಂತು, “ಏನಂದೆ ನೀನು ಅವರಿಗೆ? ಮುಖ ಯಾಕೆ ಹಂಗಾಯ್ತು?” ಎಂದಳು.

“ಅವರ ಹೆಸರಿನ ಮೂಲ ಹೇಳಿದೆ.”

“ಹೌದಾ. ಕೊನೆಗೂ ಸಿಕ್ತಾ? ಯಾವ ಕಡೆಯೋರಂತೆ?”

“ಬೆಟ್ಟದ ಕೆಳಗಿನ ಒಂದು ಹಳ್ಳಿ. ಕಾಡು ಕಡಿದು ದನ ಕೂಡಿ ಹಾಕ್ತಿದ್ದ ಜಾಗ. ಅದೇ ಊರಾಯ್ತು. ಊರಿನ ಹೆಸರೇ ಇವರ ಹೆಸರು.”

ಅಮ್ಮ ಸೌಟು ಕೆಳಗಿಟ್ಟಳು. “ದೊಡ್ಡಿ ಅನ್ನು. ಅಷ್ಟುದ್ದ ಯಾಕೆ ಹೇಳ್ತೀಯಾ?”

ಅಮ್ಮನ ತವರು ಹುಣಸೆದೊಡ್ಡಿ. ನಮ್ಮ ಸೀಮೆಯಲ್ಲಿ ದನ ಕೂಡುತ್ತಿದ್ದ ಜಾಗದ ಸುತ್ತ ಮನೆ ಎದ್ದು ಊರಾದದ್ದೆಲ್ಲ ದೊಡ್ಡಿಯೇ. ಅಷ್ಟೊಂದು ಓದಿದ ನನಗೆ ಇದು ಹೊಳೆದಿರಲಿಲ್ಲ. ಅಮ್ಮ ಆಗಲೇ ವಾಲ್ಟರ್ ಪಕ್ಕದ ಕುರ್ಚಿ ಎಳೆದುಕೊಂಡಿದ್ದಳು. “ಬೀಗ್ರೇ, ಮೈ ಮದರ್ ಪ್ಲೇಸ್ ಆಲ್ಸೋ ದೊಡ್ಡಿ. ಸೇಮ್ ಟು ಸೇಮ್. ಕೌ ಇನ್‌ಸೈಡ್, ಫೆನ್ಸ್ ಔಟ್‌ಸೈಡ್, ದೆನ್ ಪೀಪಲ್ ಕಮಿಂಗ್.” ಬೀಗ್ರೇ ಎಂಬುದು ತಮ್ಮ ಹೆಸರೆಂದು ವಾಲ್ಟರ್ ಮೊದಲಿನಿಂದಲೂ ಒಪ್ಪಿಕೊಂಡಿದ್ದಾರೆ. “ನಿಮ್ಮ ಮನೆಯಲ್ಲಿ ಹಸು ಇದ್ದವಾ?” ಎಂದು ಕೇಳಿದರು. ಇದ್ದವಾ ಎಂದರೇನು, ಅಮ್ಮ ಹಾಲು ಕರೆದೇ ಶಾಲೆಗೆ ಹೋಗುತ್ತಿದ್ದದ್ದು. ಆಗ ವಾಲ್ಟರ್ ಹೇಳಿದರು, ಅವರ ತಾತನೂ ಈ ರಾಜ್ಯದ ವಾಯವ್ಯ ಮೂಲೆಯಲ್ಲಿ ಹಸು ಸಾಕಿ ಹಾಲು ಮಾರುತ್ತಿದ್ದರಂತೆ. ಅವರಪ್ಪನಿಗೆ ಅದನ್ನು ಹೇಳಿಕೊಳ್ಳಲು ನಾಚಿಕೆ, ವೀರರ ಕಥೆ ಶುರು ಮಾಡಿದ್ದು ಅವರೇ. ಹೇಳುತ್ತಾ ಹೇಳುತ್ತಾ ವಾಲ್ಟರ್ ಬಸ್ಸಾರಿನ ಬಟ್ಟಲಿನ ಮೇಲೆ ಗಾಳಿಯಲ್ಲಿ ಕೈಯೆತ್ತಿ ಹಾಲು ಕರೆದು ತೋರಿಸಿದರು. ಅಮ್ಮ ನೋಡಿ, “ನೋ ನೋ, ಥಂಬ್ ಫೋಲ್ಡ್” ಎಂದು ತಾನೂ ಕೈಯೆತ್ತಿ, ಹೆಬ್ಬೆರಳು ಮಡಚಿ ಕರೆಯತೊಡಗಿದಳು. ಹೆಬ್ಬೆರಳು ಮಡಚಿದರೆ ಹಸುವಿಗೆ ನೋವು ಎಂದು ಅವರು, ಮಡಚದಿದ್ದರೆ ಹಾಲು ಇಳಿಯುವುದಿಲ್ಲ ಎಂದು ಇವಳು. ಎಡಿಸನ್ನಿನ ಊಟದ ಮೇಜಿನ ಮೇಲೆ ಕಾಣದ ಒಂದು ಹಸು ನಿಂತಿತ್ತು, ಇಬ್ಬರು ಬೀಗರು ಎರಡು ಕಡೆಯಿಂದ ಕರೆಯುತ್ತಿದ್ದರು, ಮತ್ತು ಆ ಮನೆಯಲ್ಲಿ ನಡೆಯುತ್ತಿದ್ದ ವಾದದಲ್ಲಿ ಮೊದಲ ಸಲ ನನಗೆ ಪಾತ್ರವಿರಲಿಲ್ಲ.

“ನಮ್ಮ ಹಸು ಬಲು ಸಾಧು, ಕೆಚ್ಚಲಿಗೆ ಕೈ ಹಾಕಿದ್ರೆ ಅಲುಗ್ತಿರಲಿಲ್ಲ” ಎಂದ ಅಮ್ಮ ನನ್ನ ಕಡೆ ತಿರುಗಿದಳು. “ನೀನು ಗೌರಿ ಅಂತ ಹೆಸರು ಆರಿಸ್ದಾಗ ನಾನು ಯಾಕೆ ಅಷ್ಟು ನಕ್ಕೆ ಅಂದ್ಕೊಂಡೆ? ಅದರ ಹೆಸರು ಕಣೇ.”

ಡ್ಯಾನ್‌ಗೆ ನಗು ಬಂದು ಸಾರು ಮೂಗಿಗೆ ಹೋಯಿತು. ಯಾರದೋ ಹೆಸರಿನ ಬೇರು ಹುಡುಕಿ ಸಾಗರ ದಾಟಿದವಳು, ಹೊಟ್ಟೆಯಲ್ಲಿದ್ದ ಹೆಸರಿನ ಬಗ್ಗೆ ಪಕ್ಕದಲ್ಲಿದ್ದ ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ. ಇಷ್ಟಾದ ಮೇಲೆ ಇನ್ನೇನು ಉಳಿಯಿತು? “ಸ್ಯಾಟರ್‌ತ್ವೇಟ್ ಇರಲಿ” ಎಂದೆ. ಹಾಲಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಸೋತದ್ದನ್ನು ಎರಡು ಸಲ ಹೇಳಬೇಕಾಗಿ ಬಂದದ್ದು ಅದೇ ಮೊದಲು. “ಗೌರಿಗೆ ಸ್ಯಾಟರ್‌ತ್ವೇಟ್ ಇರಲಿ ಅಂದೆ. ನಡುವೆ ಹುಣಸೆದೊಡ್ಡಿಗೆ ಒಂದು ಇನಿಷಿಯಲ್.” ವಾಲ್ಟರ್ ಕರೆಯುವುದನ್ನು ನಿಲ್ಲಿಸಿದರು. ಬೆರಳುಗಳು ಮಾತ್ರ ಗಾಳಿಯಲ್ಲೇ ಇದ್ದವು. ಪುಟ್ಟಸ್ವಾಮಿಯ ಗತಿಯೇನೆಂದು ಅಪ್ಪನ ಮುಖ ನೋಡಿದರೆ, ಅವರು ತಮ್ಮ ಮಗ್ಗಿಗೆ ಮಜ್ಜಿಗೆ ಬಗ್ಗಿಸಿಕೊಳ್ಳುತ್ತಾ, “ನನ್ನ ಹೆಸರು ನನ್ನ ಹತ್ರಾನೇ ಇರಲಿ ಬಿಡಮ್ಮ. ಒಂದು ಸಲ ಕೊಟ್ಟಿದ್ದೇ ನೀನಿನ್ನೂ ವಾಪಸ್ ಕೊಟ್ಟಿಲ್ಲ” ಎಂದರು.

ಗೌರಿ ಹುಟ್ಟಿದ ದಿನ ವಾಲ್ಟರ್ ಆಸ್ಪತ್ರೆಗೆ ಸುದ್ದಿಪತ್ರಿಕೆಯಲ್ಲಿ ಸುತ್ತಿದ ಒಂದು ಗಂಟು ತಂದರು. ಬಿಚ್ಚಿದರೆ ಅವರ ಸಿಂಹದ ಮಗ್. “ನನಗೆ ಇನ್ನು ಹಸು ಸಾಕು. ಇದು ನಿನಗೆ ಬೇಕಾಗಬಹುದು” ಎಂದರು. ಯಾಕೆ ಬೇಕಾಗಬಹುದು ಎಂದು ಆಗ ತಿಳಿಯಲಿಲ್ಲ. ರಜೆ ಮುಗಿಸಿ ಕೆಲಸಕ್ಕೆ ಹೋಗುವಾಗ ಅದನ್ನೇ ಆಫೀಸಿಗೆ ಒಯ್ದೆ, ಮನೆಯಲ್ಲಿಟ್ಟರೆ ಒಡೆದೀತು ಎಂಬ ನೆಪದಲ್ಲಿ. ಈಚೆಗೆ ನಮ್ಮ ವಿಭಾಗಕ್ಕೆ ಹೊಸದಾಗಿ ಒಬ್ಬ ಹುಡುಗ ಸೇರಿದ್ದಾನೆ. ಕಾಲೇಜಿನಲ್ಲಿ ಡಿಬೇಟ್ ಮಾಡಿದವನಂತೆ, ಕೂತ ಭಂಗಿಯಲ್ಲೇ ಗೊತ್ತಾಗುತ್ತದೆ. ಮೊನ್ನೆ ನನ್ನ ಮಗ್ ನೋಡಿ ತುಟಿ ಓರೆ ಮಾಡಿದ. “ಇವು ಮಾಲ್‌ನಲ್ಲಿ ಮಾಡಿಕೊಡೋವಲ್ವಾ? ಎಲ್ಲ ಬೋಗಸ್. ಲಾಂಛನ ಅನ್ನೋದು ವ್ಯಕ್ತಿಗಳಿಗೆ, ಮನೆತನಕ್ಕಲ್ಲ.”

ಅಕ್ಷರಕ್ಕೆ ಅಕ್ಷರ ಸರಿ. ನನ್ನದೇ ಮಾತು. ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ, ಸಿಂಹದ ಮುಖ ಅವನ ಕಡೆ ಬರುವಂತೆ ಮಗ್ ತಿರುಗಿಸಿಟ್ಟೆ.

“ಮೊದಲನೆಯದಾಗಿ” ಎಂದೆ.