ಈ ಘಟನೆಯನ್ನು ವರದಿ ಮಾಡಲಾಗುವುದು

"ಇನ್ನಾರು ತಿಂಗಳು! ಆಮೇಲೆ ನಾನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್! ಬರೆದಿಟ್ಕೋ!" ಎಂದು ಗುಮಾಸ್ತರು ಘೋಷಿಸಿದಾಗ ಅವರ ಕೈಯಲ್ಲಿ ತೊಳೆಯದ ತಟ್ಟೆಯೊಂದಿತ್ತು.

"ಬರೆದಿಟ್ಕೊಂಡೆ. ಮೊದ್ಲು ಅದನ್ನ ತೊಳೀರಿ" ಎಂದಳು ಹೆಂಡತಿ. ಆಕೆ ಗಣಿತದ ಟೀಚರು. ಉತ್ತರ ಬರುವ ತನಕ ಯಾವ ಲೆಕ್ಕವನ್ನೂ ನಂಬುವವಳಲ್ಲ.

ಗುಮಾಸ್ತರದು ಇಪ್ಪತ್ತೆರಡು ವರ್ಷ ಗ್ರಂಥಾಲಯದ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿದ ಕೈ. ಈಗ ಅಲ್ಲಿನ ಹದಿನಾಲ್ಕು ಕಂಪ್ಯೂಟರುಗಳೂ ಲಿನಕ್ಸ್‌ಗೆ ಬದಲಾಗಲಿದ್ದವು. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ಮುಕ್ತ ವ್ಯವಸ್ಥೆ ಅದು. ಅದನ್ನು ನೋಡಿಕೊಳ್ಳುವ ಹುದ್ದೆ ಒಳಗಿನವರಿಗೇ ಎಂದು ಮುಖ್ಯಸ್ಥರು ಸಾರಿದ್ದೇ ತಡ, ನಮ್ಮವರು ಇಟ್ಟಿಗೆ ಗಾತ್ರದ ಪುಸ್ತಕವೊಂದನ್ನು ತಂದು ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿದರು.

ಓದಿದರೆ ಸಾಲದು, ಪ್ರಯೋಗವಾಗಬೇಕು. ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ತುಂಬಿ 'ಸರ್ವರ್' ಎಂದು ಪಟ್ಟ ಕಟ್ಟಿದರು. ಅದರ ಫ್ಯಾನಿನ ಸದ್ದಿಗೆ ಮೂರೇ ದಿನಕ್ಕೆ ಹೆಂಡತಿಯ ತಲೆ ಕೆಟ್ಟಿತು. ಸರ್ವರ್ ಅತ್ತೆಯ ಮನೆಗೆ ಗಡೀಪಾರಾಯಿತು. ಎರಡು ಬಸ್ಸು ಬದಲಿಸಿ ಹೋಗಬೇಕಾದ ಮನೆ.

"ಒಳ್ಳೇದೇ ಆಯ್ತು! ನಿಜವಾದ ಸರ್ವರ್ ದೂರಾನೇ ಇರೋದು. ಅದಕ್ಕೆ ಪರದೆ ಯಾಕೆ, ಕೀಬೋರ್ಡ್ ಯಾಕೆ? ಎಲ್ಲಾ ಇಲ್ಲಿಂದ್ಲೇ ಆಳ್ತೀನಿ!" ಎಂದ ಗುಮಾಸ್ತರು ಅವೆರಡನ್ನೂ ಅತ್ತೆಯ ಮಂಚದ ಕೆಳಗೆ ತಳ್ಳಿ ಬಂದರು. ಹೆಂಡತಿಯ ಕಡತಗಳನ್ನೂ ಬಿಡಲಿಲ್ಲ. "ಎರಡು ಕಡೆ ಇದ್ರೆ ಎರಡು ಅಪಾಯ" ಎಂಬ ಸ್ವಂತ ಸಿದ್ಧಾಂತ ಹೂಡಿ ಎಲ್ಲವನ್ನೂ ಸರ್ವರಿಗೆ ಸಾಗಿಸಿ, ಅವಳ ಲ್ಯಾಪ್‌ಟಾಪಿನಿಂದ ಅಳಿಸಿಯೇಬಿಟ್ಟರು.

"ನನ್ನ ಕಡತ ಸರಿ, ಸರ್ವರಿನ ಸೆಟ್ಟಿಂಗ್‌ನಲ್ಲಿ ನಾನು ಏನಾದ್ರೂ ಬದಲಾಯಿಸಬಹುದಾ?" ಎಂದು ಅವಳು ಕೇಳಿದ್ದಳು.

"ಪ್ರಯತ್ನ ಮಾಡಿ ನೋಡು."

ಮಾಡಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ಗುಮಾಸ್ತರು ಎದೆಯುಬ್ಬಿಸಿ ಅರ್ಥ ಹೇಳಿದರು: "ನಿಮಗೆ ಅಧಿಕಾರವಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು!"

"ಯಾರಿಗೆ?"

"ಇನ್ಯಾರಿಗೆ? ನನಗೆ!"

ಹಾಗೆಂದು ನಕ್ಕ ನಗು ಅವರ ಮುಖದ ಮೇಲೆ ಎರಡು ತಿಂಗಳು ಇತ್ತು.

ಒಂದು ಮಧ್ಯಾಹ್ನ ಮುಖ್ಯಸ್ಥರು ಓದುವ ಕೋಣೆಗೆ ಬಂದು, "ಏನ್ ಕಲಿತಿದೀರಿ, ತೋರಿಸಿ ನೋಡೋಣ" ಎಂದರು. ಸುತ್ತ ಮೂವತ್ತು ಮಂದಿ ತುಟಿಪಿಟಕ್ಕೆನ್ನದೆ ಓದುತ್ತಿದ್ದರು. ಮೂಲೆಯ ಕಂಪ್ಯೂಟರಿನಿಂದಲೇ ಗುಮಾಸ್ತರು ಅತ್ತೆಮನೆಯ ಸರ್ವರಿನೊಳಗೆ ಹೊಕ್ಕರು. ಮುಖ್ಯಸ್ಥರು ಹುಬ್ಬೇರಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

"ಇದು ಫೈರ್‌ವಾಲ್ ಸಾರ್, ಸರ್ವರಿನ ಕಾವಲುಗಾರ. ಹೊರಗಿನವರು ಯಾರೂ ಬರದ ಹಾಗೆ ಎಲ್ಲಾ ಬಾಗಿಲೂ ಮುಚ್ತೀನಿ, ನೋಡಿ!" ಎಂದು ಗುಂಡಿ ಒತ್ತಿದರು.

ಎಲ್ಲ ಬಾಗಿಲೂ ಮುಚ್ಚಿದವು, ಗುಮಾಸ್ತರು ಹೊಕ್ಕಿದ್ದ ಬಾಗಿಲೂ ಸೇರಿ. ಮೊದಲು ತನಗೊಂದು ಬಾಗಿಲು ತೆರೆದಿಟ್ಟು ಆಮೇಲೆ ಉಳಿದವನ್ನು ಮುಚ್ಚಬೇಕೆಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲಿತ್ತು. ಗುಮಾಸ್ತರು ಅದಕ್ಕೆ ಕೆಂಪು ಗೆರೆಯನ್ನೂ ಎಳೆದಿದ್ದರು. ಪರದೆ ಅಲುಗಾಡಲಿಲ್ಲ. ಅವರೂ ಅಲುಗಾಡಲಿಲ್ಲ.

"ಯಾರೂ ಬರೋಕಾಗಲ್ಲ ಅಂದ್ರಲ್ಲ, ನಿಜ" ಎಂದರು ಮುಖ್ಯಸ್ಥರು.

ಅಷ್ಟರಲ್ಲಿ ಫೋನು ನಡುಗಿತು. ಹೆಂಡತಿ.

"ರೀ, ಸರ್ವರ್ ತೆಗೀತಾನೇ ಇಲ್ಲ! ಇಡೀ ತಾಲ್ಲೂಕಿನ ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆ ಅದರೊಳಗಿದೆ. ನಾಲ್ಕು ಗಂಟೆಗೆ ಮುದ್ರಣಕ್ಕೆ ಕೊಡ್ಬೇಕು. ಇಲ್ದಿದ್ರೆ ನಾಳೆ ನಲವತ್ತು ಶಾಲೆ ಮಕ್ಕಳ ಮುಂದೆ ನಾನು ನಿಂತು ಹಾಡ್ಬೇಕಾಗುತ್ತೆ!"

ಗಡಿಯಾರದಲ್ಲಿ ಮೂರು. ಎರಡು ಬಸ್ಸಿಗೆ ಒಂದೂವರೆ ಗಂಟೆ. ಆರು ವಾರ ಊಟದ ಮೇಜಿನಲ್ಲಿ ಅವಳು ಒಂದೊಂದೇ ಪ್ರಶ್ನೆ ಬರೆದದ್ದನ್ನು ಗುಮಾಸ್ತರೇ ನೋಡಿದ್ದರು. ಉಳಿದದ್ದು ಒಂದೇ ದಾರಿ: ಅತ್ತೆಗೆ ಫೋನು.

ಅತ್ತೆ ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಮಂಚದ ಕೆಳಗಿಂದ ಪರದೆ, ಕೀಬೋರ್ಡು ಎಳೆದು ಐದೇ ನಿಮಿಷದಲ್ಲಿ ಜೋಡಿಸಿದರು. "ಒಂದೊಂದು ತಂತಿಗೆ ಒಂದೊಂದೇ ತೂತು. ಇದಕ್ಕೇನು ಪುಸ್ತಕ ಬೇಕಾ ಅಳಿಯಂದ್ರೇ?"

"ಬೇಡ ಅತ್ತೆ. ಮೊದ್ಲು ಹೆಸರು ಕೇಳುತ್ತೆ, admin ಅಂತ ಹೊಡೀರಿ. ಅಯ್ಯಯ್ಯೋ, ನಿಧಾನ!"

"ಹೊಡೆದೆ. ಅಡ್ಮಿನ್ ಅಯ್ಯಯ್ಯೋ ನಿಧಾನ. ತಪ್ಪು ಅಂತಿದೆ."

"ಅಯ್ಯಯ್ಯೋ ಯಾಕೆ ಹೊಡೆದ್ರಿ?"

"ಸಾಕ್ಷಿ ಹೇಳಿದ್ರಲ್ಲಿ ಒಂದಕ್ಷರ ಬಿಡೋ ಹಾಗಿಲ್ಲ. ಜಡ್ಜ್ ಸಾಹೇಬ್ರು ಬೈತಿದ್ರು."

ಎರಡನೆಯ ಸಲ ಹೆಸರು ಸರಿಯಾಯಿತು. ಈಗ ಪಾಸ್‌ವರ್ಡು. ಗುಮಾಸ್ತರು ಸುತ್ತ ನೋಡಿದರು. ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು.

"ಕೇಳಿಸ್ತಿಲ್ಲ, ಜೋರಾಗಿ ಹೇಳಿ!"

"ಮನೆಗೆ ಯಜಮಾನ ನಾನೇ!" ಎಂದು ಗುಮಾಸ್ತರು ಕೂಗಿದರು.

ಮೂವತ್ತು ತಲೆಗಳು ಒಟ್ಟಿಗೆ ಎದ್ದವು. ಕನ್ನಡಕದ ಅಜ್ಜನೊಬ್ಬ, "ಒಳ್ಳೇದಾಗ್ಲಿ" ಎಂದು ಮತ್ತೆ ಪತ್ರಿಕೆಗೆ ತಲೆ ಹಾಕಿದ.

ಅತ್ತ ಅತ್ತೆ, "ಹೀಗೋ ಸಮಾಚಾರ!" ಎಂದರು. ಆಮೇಲೆ, "ಹೊಡೀತಿದೀನಿ, ಅಕ್ಷರಾನೇ ಬೀಳ್ತಿಲ್ಲ. ರಿಬ್ಬನ್ ಒಣಗಿದೆಯಾ?"

"ಪಾಸ್‌ವರ್ಡ್ ಕಾಣಿಸಲ್ಲ ಅತ್ತೆ, ಹೊಡೀತಾ ಹೋಗಿ! ಮುಗಿದ ಮೇಲೆ ಎಂಟರ್. ಈಗ ಯಜಮಾನನ ಆಜ್ಞೆ, ಸುಡೋ..."

"ಏನ್ ಸುಡೋದು? ಸುಟ್ಟಿದ್ದು ಸಾಲದಾ?"

ಅಕ್ಷರ ಅಕ್ಷರ ಬಿಡಿಸಿ ಹೇಳಿ, ಅಯ್ಯಯ್ಯೋಗಳನ್ನೆಲ್ಲ ನುಂಗಿಕೊಂಡು, ಮೂರೂ ನಲವತ್ತಕ್ಕೆ ಕಾವಲುಗಾರನನ್ನು ಮಲಗಿಸಿದರು. ಹೆಂಡತಿಯ ಪ್ರಶ್ನೆಪತ್ರಿಕೆ ಹತ್ತು ನಿಮಿಷ ಬಾಕಿಯಿರುವಾಗ ಮುದ್ರಣಕ್ಕೆ ಹೋಯಿತು. ಗುಮಾಸ್ತರು ಕುರ್ಚಿಯಲ್ಲಿ ಕುಸಿದರು. ಮುಖ್ಯಸ್ಥರು ಅವರ ಭುಜ ತಟ್ಟಿ ಕೇಳಿದರು: "ನಿಮ್ಮ ಅತ್ತೆಯವರಿಗೆ ಈಗ ಬಿಡುವಿದೆಯಾ?"

ಆ ಸಂಜೆ ಹೆಂಡತಿ ಬೈಯಲಿಲ್ಲ. ಅದೇ ಅವರಿಗೆ ಭಯವಾದದ್ದು. ಇಟ್ಟಿಗೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, "ಅಮ್ಮಂಗೆ ಓದೋಕೆ ಬೇಕಂತೆ" ಎಂದಳಷ್ಟೆ.

ಎರಡು ವಾರ ಬಿಟ್ಟು ಒಂದು ಭಾನುವಾರ ಗುಮಾಸ್ತರು ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತರು. ಅವಮಾನ ತೊಳೆಯಲು ಹೊಸ ಪ್ರಯೋಗವಾಗಬೇಕಿತ್ತು. ಸರ್ವರ್ ಅವರನ್ನು ಒಳಗೇನೋ ಬಿಟ್ಟುಕೊಂಡಿತು. ಬೆರಳು ನೆಟಿಗೆ ಮುರಿದು ಮೊದಲ ಆಜ್ಞೆ ಹೊಡೆದರು. ತಕ್ಷಣ ಒಂದು ಸಾಲು ಮೂಡಿತು.

ನಿಮಗೆ ಅಧಿಕಾರವಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.

ಗುಮಾಸ್ತರು ಕಣ್ಣುಜ್ಜಿಕೊಂಡರು. "ಯಾರಿಗೆ?" ಎಂದು ಪರದೆಯನ್ನೇ ಕೇಳಿದರು.

ಅಡುಗೆಮನೆಯಲ್ಲಿ ಹೆಂಡತಿಯ ಫೋನು ಗುಂಯ್‌ಗುಟ್ಟಿತು.

"ರೀ, ಅಮ್ಮ ಕೇಳ್ತಿದಾರೆ, ಹನ್ನೊಂದೂ ಹನ್ನೆರಡಕ್ಕೆ ಸರ್ವರ್ ಮುಟ್ಟಿದ್ದು ನೀವೇ ತಾನೆ?"

"ನನ್ನ ಅಧಿಕಾರ ಯಾರೇ ಕಿತ್ತಿದ್ದು?"

"ಪಾಸ್‌ವರ್ಡ್ ನೀವೇ ಕೂಗಿ ಹೇಳಿದ್ರಲ್ಲ! ಅಪಾಯಕಾರಿ ಬಳಕೆದಾರರ ಹಕ್ಕು ಕಡಿಮೆ ಮಾಡ್ಬೇಕು ಅಂತ ನಿಮ್ಮ ಪುಸ್ತಕದಲ್ಲೇ ಇದೆಯಂತೆ. ಅದಕ್ಕೂ ಕೆಂಪು ಗೆರೆ ಎಳೆದಿದೀರಂತೆ."

ಗುಮಾಸ್ತರು ಲ್ಯಾಪ್‌ಟಾಪ್ ಮುಚ್ಚಿದರು. "ಹಾಗಾದ್ರೆ ಈ ಮನೇಲಿ ನನಗೆ ಯಾವ ಅಧಿಕಾರಾನೂ ಇಲ್ವಾ?"

"ಯಾಕಿಲ್ಲ? ಬನ್ನಿ" ಎಂದು ಹೆಂಡತಿ ತೊಟ್ಟಿಯಲ್ಲಿದ್ದ ತಟ್ಟೆಗಳ ರಾಶಿ ತೋರಿಸಿದಳು. "ಇಲ್ಲಿ ನಿಮ್ಮದೇ ಪೂರ್ತಿ ಅಧಿಕಾರ. ಪಾಸ್‌ವರ್ಡೂ ಬೇಡ."