ಒಂದು ಗೆರೆಗೆ ಒಂದು ಉಸಿರು

ನಮ್ಮ ಕಾಕಾನ ಲೆಕ್ಕದಲ್ಲಿ ಉಸಿರಾಡುವುದೆಂದರೆ ಕೆಲಸವಿಲ್ಲದವರ ಕೆಲಸ! ನಗಬೇಡಿ. ಕಲಘಟಗಿಯಲ್ಲಿ ತೊಟ್ಟಿಲಿಗೆ ಚಿತ್ರ ಬರೆಯುವ ಮನುಷ್ಯ ಅವನು, ನನ್ನ ಅಪ್ಪನ ತಮ್ಮ. ಕುಂಚ ಕಟ್ಟಿಗೆಗೆ ತಾಗಿತೋ, ಉಸಿರು ಬಂದ್. ಗೆರೆ ಮುಗಿದು ಕುಂಚ ಮೇಲೆದ್ದ ಮೇಲೆಯೇ ಮುಂದಿನ ಉಸಿರು.

"ಎದಿ ಅಳ್ಳಾಡಿದ್ರ ಕೈ ಅಳ್ಳಾಡ್ತೈತಿ. ಕೈ ಅಳ್ಳಾಡಿದ್ರ ತೊಟ್ಟಿಲದಾಗಿನ ಕೂಸು ಗೆರಿ ನೋಡಿ ನಗತೈತಲೇ!" ಎಂಬುದು ಅವನ ಸಿದ್ಧಾಂತ.

ಈ ಚಟ ತೊಟ್ಟಿಲಿಗೇ ನಿಂತಿದ್ದರೆ ಸರಿ. ಸೂಜಿಗೆ ದಾರ ಪೋಣಿಸುವಾಗ ಉಸಿರಿಲ್ಲ, ಬಸ್ಸು ಹತ್ತುವಾಗ ಉಸಿರಿಲ್ಲ. ಆಧಾರ್ ಕಾರ್ಡಿನ ಫೋಟೊ ತೆಗೆಯುವವನು "ಅಳ್ಳಾಡಬ್ಯಾಡ್ರಿ ಅಜ್ಜಾರ" ಎಂದದ್ದೇ ತಪ್ಪಾಯಿತು. ಕಾಕಾ ಉಸಿರು ಕಟ್ಟಿ ಕುಳಿತ. ಆ ದಿನ ಕಂಪ್ಯೂಟರಿಗೂ ದಮ್ಮು ಹತ್ತಿತ್ತೇನೋ, ಫೋಟೊ ಹೊಡೆಯುವಷ್ಟರಲ್ಲಿ ಕಾಕಾನ ಮುಖ ಬ್ಯಾಡಗಿ ಮೆಣಸಿನಕಾಯಿ! ಇಂದಿಗೂ ಬ್ಯಾಂಕಿನವರು ಕಾರ್ಡು ನೋಡಿ, ಅವನನ್ನು ನೋಡಿ, "ಇವರು ನಿಮ್ಮ ಅಣ್ಣಾರೇನ್ರಿ?" ಎನ್ನುತ್ತಾರೆ.

ಇನ್ನು ನಾನು. ಏಳನೆಯ ಇಯತ್ತೆಗೆ ಶಾಲೆಗೆ ಶರಣು ಹೊಡೆದು, ವೆಲ್ಡಿಂಗ್ ಕಲಿತು, ಸ್ವಂತ ಅಂಗಡಿ ಹಾಕಿದವನು. ಸುತ್ತಿನ ಹಳ್ಳಿಗಳ ಯಾವ ಕಬ್ಬಿನ ಟ್ರೇಲರ್ ಮುರಿದರೂ ಅದು ನನ್ನ ಬಾಗಿಲಿಗೇ ಬರಬೇಕು. ಕಬ್ಬಿಣ ಕತ್ತರಿಸಲು ಆಕ್ಸಿಜನ್ ಸಿಲಿಂಡರ್ ತರಿಸುತ್ತೇನೆ. ಅದು ಗಾಡಿಯಿಂದ ಇಳಿಯುವಾಗಲೆಲ್ಲ ಪಕ್ಕದ ಕಟ್ಟೆಯಿಂದ ಕಾಕಾನ ಮಂಗಳಾರತಿ:

"ನೋಡ್ರೆಪಾ, ದೇವ್ರು ಊರತುಂಬ ಹವಾ ಬಿಟ್ಟಾನ. ಇಂವ ಹುಬ್ಬಳ್ಳಿಂದ ಡಬ್ಬ್ಯಾಗ ತುಂಬಿಸ್ಕೊಂಡು ಬರ್ತಾನ!"

"ನೀ ಬಿಟ್ಟಿ ಹವಾನೂ ತಗೊಳ್ಳೂದಿಲ್ಲ, ಸುಮ್ಕ ಕುಂಡ್ರು ಕಾಕಾ!"

ಹೋದ ಬೇಸಿಗೆಯಲ್ಲಿ ಒಂದು ಮುಂಜಾನೆ ತೊಟ್ಟಿಲಿನ ಕಾಲು ಕೆತ್ತುತ್ತಿದ್ದಾಗ ಉಳಿ ಜಾರಿ ಅವನ ತೊಡೆಗೇ ಇಳಿಯಿತು. ಕೂಗು ಕೇಳಿ ಓಡಿದೆ. ಟವೆಲ್ ಮಡಚಿ, ಎರಡೂ ಕೈಯಿಂದ ಗಾಯ ಅದುಮಿ ಹಿಡಿದು, ಕಂಡವರ ಟಂಟಂ ರಿಕ್ಷಾ ಹತ್ತಿಸಿ ದವಾಖಾನೆಗೆ ಒಯ್ದೆ. ಅಷ್ಟರಲ್ಲಿ ಕಾಕಾ ಬಣ್ಣ ಹಚ್ಚುವ ಮೊದಲಿನ ಕಟ್ಟಿಗೆಯಂತೆ ಬಿಳಿಚಿದ್ದ. ಕೈ ತಣ್ಣಗೆ.

ಡಾಕ್ಟರಮ್ಮ ಗಾಯ ಬಿಗಿದು ಕಟ್ಟಿ, ಸಲೈನ್ ಏರಿಸಿ ಹೇಳಿದರು: "ರಕ್ತ ಭಾಳ ಹೋಗೇತ್ರಿ. ಹುಬ್ಬಳ್ಳಿಂದ ರಕ್ತ ಬರೂತನಕ ಶುದ್ಧ ಆಕ್ಸಿಜನ್ ಕೊಡ್ತೇವಿ. ಉಳಿದಿರೂ ರಕ್ತಾನ ಹೋದ ರಕ್ತದ ಕೆಲಸಾನೂ ಮಾಡಬೇಕಲ್ಲ."

"ತಿಳೀತ್ರಿ," ಎಂದೆ. "ಹತ್ತು ಟ್ರೇಲರ್‌ದಾಗ ಐದು ಕೆಟ್ಟು ನಿಂತಾವ. ಉಳಿದ ಐದನ್ನ ಒಂದು ಗಳಾ ಕಬ್ಬಿನ ಜಾಗಾನೂ ಖಾಲಿ ಬಿಡದಂಗ ತುಂಬಿ ಕಳಸೂದು."

"ಹೌದ್ರಿ, ಹಂಗ! ಆದ್ರ ಕೆಟ್ಟ ಐದೂ ಬರಾಕಬೇಕು ಮತ್ತ."

ಸಿಸ್ಟರ್ ಸಿಲಿಂಡರ್ ಉರುಳಿಸಿಕೊಂಡು ಬಂದರು. ಕರೀ ಮೈ, ಬಿಳೀ ಹೆಗಲು. ನನ್ನ ಕಸುಬಿನ ವಸ್ತು! ಸುಮ್ಮನಿರುತ್ತೇನೆಯೇ? "ಸಿಸ್ಟರ್, ವಾಲ್ವಿಗೆ ಎಣ್ಣಿ ಕೈ ಹಚ್ಚಬ್ಯಾಡ್ರಿ, ಉರಿ ಹತ್ತತೈತಿ!"

"ನನ್ನ ಕೈ ಸ್ವಚ್ಛ ಅದಾವ್ರಿ. ಮೊದಲ ನಿಮ್ಮ ಕೈ ನೋಡ್ಕೋರಿ."

ನೋಡಿಕೊಂಡೆ. ಮೊಣಕೈವರೆಗೆ ಕೆಂಪು. ನಲ್ಲಿಗೆ ಹೋಗಿ ತೊಳೆದುಕೊಂಡು ಬಂದೆ.

ಮುಖಕ್ಕೆ ಮಾಸ್ಕ್ ಕಟ್ಟಿದರು. ಗಾಳಿ ಸುಯ್ ಎನ್ನುತ್ತಿದೆ, ಕಾಕಾ ಮಾತ್ರ ಉಸಿರೇ ಎಳೆಯುತ್ತಿಲ್ಲ! "ಅಜ್ಜಾರ, ಉಸಿರು ತಗೋರಿ!" ಎಂದು ಸಿಸ್ಟರ್ ಭುಜ ತಟ್ಟಿದರು. ಒಂದು ಸಲ ಏದುಸಿರು ಬಿಟ್ಟ, ಮತ್ತೆ ಬಿಗಿಹಿಡಿದ. ಡಾಕ್ಟರರ ಹುಬ್ಬು ಗಂಟಾಯಿತು. "ಯಾಕ ಉಸಿರು ಹಿಡೀತಾರ ಇವ್ರು?"

ನಾನು ಅವನ ಬಲಗೈ ನೋಡಿದೆ. ಹೆಬ್ಬೆರಳು, ತೋರುಬೆರಳು ಸೇರಿ ಹಾಸಿಗೆಯ ಮೇಲೆ ಮೆಲ್ಲಗೆ ಸರಿಯುತ್ತಿವೆ. ಅಯ್ಯೋ ಶಿವನೇ! ಅರೆ ಎಚ್ಚರದಲ್ಲಿ ಕಾಕಾ ತೊಟ್ಟಿಲು ಬರೆಯುತ್ತಿದ್ದಾನೆ!

ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ: "ಕಾಕಾ, ಗೆರಿ ಮುಗೀತು. ಕುಂಚ ಎತ್ತು."

ಬೆರಳು ಮೇಲೆದ್ದವು. ಎದೆ ಉಬ್ಬಿತು. ಮಾಸ್ಕಿನೊಳಗೆ ಮಂಜು ಕಟ್ಟಿತು.

ಮತ್ತೆ ಬೆರಳು ಇಳಿದವು. "ಸಣ್ಣ ಗೆರಿ ಕಾಕಾ, ಉದ್ದ ಬ್ಯಾಡ. ಹಾಂ, ಮುಗೀತು. ಎತ್ತು." ಮತ್ತೆ ಒಂದು ಉಸಿರು. ಹುಬ್ಬಳ್ಳಿಯಿಂದ ರಕ್ತ ಬರುವಷ್ಟರಲ್ಲಿ ನಾವಿಬ್ಬರೂ ಸೇರಿ ಎಷ್ಟು ತೊಟ್ಟಿಲು ಮುಗಿಸಿದೆವೋ! "ನಿಮ್ಮಂಥಾ ಡ್ರೈವರ್ ಇದ್ರ ಐದು ಟ್ರೇಲರ್ ಸಾಕ್ರಿ," ಎಂದರು ಡಾಕ್ಟರಮ್ಮ. ಶಾಲೆಯಲ್ಲಿ ಒಂದೂ ಶಾಬಾಸ್ ಸಿಗದವನಿಗೆ ಅಂದು ಸಿಕ್ಕಿತು.

ಕಾಕಾ ಎದ್ದು ಕುಳಿತವನೇ ಅಂದದ್ದೇನು ಗೊತ್ತೇ? "ನಿನ್ನ ಡಬ್ಬಿ ಹವಾ ಅಗದಿ ಸಪ್ಪಗೈತಲೇ!"

ಮೊನ್ನೆ ನನ್ನ ಮೊಮ್ಮಗಳಿಗೆ ಅವನೇ ತೊಟ್ಟಿಲು ಬರೆದುಕೊಟ್ಟ. ನನ್ನದೊಂದೇ ಷರತ್ತು: ಉಸಿರಾಡುತ್ತ ಬರೆಯಬೇಕು. ಬೈಯುತ್ತಲೇ ಬರೆದ. ಬಳ್ಳಿಯ ಒಂದು ಗೆರೆ ನಡುಗಿತು. ಜನ್ಮದಲ್ಲೇ ನಡುಗದ ಕೈ! ಕೆರೆದು ತೆಗೆಯಲು ಚಾಕು ಹಿಡಿದ. ಅಷ್ಟರಲ್ಲಿ ಮಗಳು ಕೂಸನ್ನು ತಂದು ಒಳಗೆ ಮಲಗಿಸಿಬಿಟ್ಟಳು. ಕೂಸು ಬಳ್ಳಿಯ ಕಡೆ ಕೈಚಾಚಿ ಕಿಲಕಿಲ ನಕ್ಕಿತು.

"ನೋಡಿದಿಲ್ಲಲೇ? ನಗತೈತಿ ಅಂತ ನಾ ಹೇಳಿದ್ದಿಲ್ಲೇನು?" ಎಂದ ಕಾಕಾ. ಚಾಕು ಕೆಳಗಿಟ್ಟ. ಬಗ್ಗಿ ಕೂಸಿನ ಮುಖದ ಮೇಲೆ ಮೆತ್ತಗೆ ಊದಿದ, ಮತ್ತೆ ನಗಲೆಂದು.